ಬನ್ನಿಮರಕ್ಕೆ ಒಪ್ಪಿಸಿದ ಆಯುಧ

ಮೈಸೂರಿನ ಮಹಾನವಮಿ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಅರಮನೆಯ ಆಯುಧಪೂಜೆ: ಪಟ್ಟದ ಕತ್ತಿ, ಪಟ್ಟದ ಆನೆ, ಪಟ್ಟದ ಕುದುರೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯ ಪರಂಪರೆ ಅದು. ಅದರ ವೈಭವಕ್ಕೆ ನಾನು ಎರಡು ಮಾತು ಸೇರಿಸಬೇಕಾಗಿಲ್ಲ. ಆದರೆ ಅದೇ ದಿನ ಊರಿನ ಹಳೆಯ ಮೊಹಲ್ಲಾಗಳಲ್ಲಿ ಕಮ್ಮಾರನ ತಿದಿಗೂ ದರ್ಜಿಯ ಹೊಲಿಗೆ ಯಂತ್ರಕ್ಕೂ ಆಟೋರಿಕ್ಷಾಗಳಿಗೂ ಸೇವಂತಿಗೆ ಹಾರ ಬೀಳುತ್ತದೆ. ನನ್ನ ತಂದೆಯವರು ಬಡಗಿಯಾಗಿದ್ದರು, ಅದಕ್ಕೂ ಮೊದಲು ಗರಡಿಯ ಪೈಲ್ವಾನರಾಗಿದ್ದರು. ಈ ಎರಡು ಬದುಕುಗಳನ್ನು ಅವರು ಹೇಗೆ ಒಂದೇ ಪೂಜೆಯೊಳಗೆ ತಂದಿದ್ದರು ಎಂಬುದು ಪ್ರತಿ ನವಮಿಯಂದು ನನ್ನ ಧ್ಯಾನದ ವಿಷಯವಾಗುತ್ತದೆ.

ಅಪ್ಪನ ಪೂಜೆಗೆ ಮಂತ್ರವಿರಲಿಲ್ಲ. ಹಿಂದಿನ ಸಂಜೆಯೇ ಉಳಿಗಳನ್ನು ಸಾಣೆಕಲ್ಲಿಗೆ ಹಿಡಿದು, ಬಾಚಿ, ಗರಗಸ, ಬೈರಿಗೆ, ಕೊಡತಿ, ಉಜ್ಜುಗೊರಡುಗಳನ್ನು ಒರೆಸಿ, ಕಬ್ಬಿಣದ ಭಾಗಕ್ಕೆ ಎಣ್ಣೆ ಸವರಿ, ಮರುದಿನ ಬೆಳಿಗ್ಗೆ ಮಡಿಬಟ್ಟೆಯ ಮೇಲೆ ಸಾಲಾಗಿ ಇಟ್ಟು ವಿಭೂತಿ, ಕುಂಕುಮ ಹಚ್ಚುತ್ತಿದ್ದರು. ಕೊನೆಯಲ್ಲಿ ಒಳಗಿನ ಪೆಟ್ಟಿಗೆಯಿಂದ ತಮ್ಮ ಹಳೆಯ ಲಂಗೋಟಿಯನ್ನು ತಂದು, ಮಡಿಕೆ ಬಿಚ್ಚದೆ, ಚಾಮುಂಡಿಯ ಪಟದ ಮುಂದಿಡುತ್ತಿದ್ದರು. ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದ ಮೇಲೆ ಆ ದಿನ ಯಾವ ಉಪಕರಣವನ್ನೂ ಯಾರೂ ಮುಟ್ಟುವಂತಿರಲಿಲ್ಲ. ಪಕ್ಕದ ಮನೆಯ ಬಾಗಿಲ ಕೀಲು ಕಳಚಿದ್ದರೂ ನಾಳೆಯೇ. ಹಬ್ಬದ ಈ ಭಾಗವನ್ನು ನಾವು ಈಗ ಅಷ್ಟಾಗಿ ಗಮನಿಸುವುದಿಲ್ಲ. ಸಲಕರಣೆಗೆ ಕೃತಜ್ಞತೆ ಹೇಳುವುದು ಎಲ್ಲರಿಗೂ ತಿಳಿದಿದೆ, ಅದನ್ನು ಕೆಳಗಿಡುವುದು ಕಷ್ಟ. ಪೂಜೆ ಮುಗಿದ ಅರ್ಧ ಗಂಟೆಗೇ ಹಾರ ಹಾಕಿದ ಗಾಡಿಯಲ್ಲಿ ಸರಕು ಹೇರಿಕೊಂಡು ಹೊರಡುವವರನ್ನು ಕಂಡಾಗ ಅಪ್ಪ ಬಯ್ಯುತ್ತಿರಲಿಲ್ಲ, ಮುಖ ತಿರುಗಿಸಿಕೊಳ್ಳುತ್ತಿದ್ದರು.

ಕೆಳಗಿಡುವುದನ್ನು ಅವರು ಕಲಿತದ್ದು ಗರಡಿಯಲ್ಲಿ. ಅವರ ಗರಡಿಯ ಬಾಗಿಲು ತಗ್ಗಾಗಿತ್ತು. ಎಂಥ ಆಳಾದರೂ ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಹನುಮಂತನ ಮುಂದೆ ಕೈಮುಗಿದು, ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿಯನ್ನು ಮುಟ್ಟಿ ಹಣೆಗೊತ್ತಿಕೊಂಡ ಮೇಲೆಯೇ ಸಾಮು. ದಂಡ, ಬಸ್ಕಿ, ಗದೆ ತಿರುವುವುದು ಮುಗಿದ ಮೇಲೆ ಜೋಡಿಯೊಡನೆ ಕುಸ್ತಿ. ದಸರೆಗೆ ಮುಂಚೆ ನಡೆಯುವ ಜೋಡಿ ಕಟ್ಟುವ ದಿನದಂದು ಅವರಿಗೆ ತಕ್ಕ ಎದುರಾಳಿ ಸಿಕ್ಕಿದರೆ ಮನೆಯವರೆಲ್ಲ ಕುಸ್ತಿ ನೋಡಲು ಹೋಗುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ದೊಡ್ಡ ಬಿರುದುಗಳೇನೂ ಅಪ್ಪನಿಗೆ ಬರಲಿಲ್ಲ. ಒಮ್ಮೆ ಬಲಭುಜ ಕಳಚಿ, ಕೂಡಿಸಿದರೂ ಮೊದಲಿನ ಬಿಗಿ ಬರಲಿಲ್ಲವಾಗಿ, ಮಟ್ಟಿಯನ್ನು ಹಣೆಗೊತ್ತಿಕೊಂಡು ಹೊರಬಂದರು. ಆಮೇಲೆ ಸೋದರಮಾವನ ಕೊಟ್ಟಿಗೆಯಲ್ಲಿ ಉಳಿ ಹಿಡಿದರು.

ಅದಕ್ಕಾಗಿ ದುಃಖವಾಗಲಿಲ್ಲವೇ ಎಂದು ನಾನು ಕೇಳಿದ್ದುಂಟು. ಉತ್ತರವಾಗಿ ಅವರು ಹೇಳಿದ್ದು ವಿರಾಟಪರ್ವದ ಕಥೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನ ಊರಿನ ಹೊರಗೆ, ಸ್ಮಶಾನದ ಬಳಿಯ ಬನ್ನಿಮರದಲ್ಲಿ ಆಯುಧಗಳನ್ನು ಹೆಣದಂತೆ ಕಟ್ಟಿ ಮರೆಮಾಡಿದರು. ಊರು ಹೊಗುವಾಗ ಧರ್ಮರಾಯ ದುರ್ಗೆಯನ್ನು ಸ್ತುತಿಸಿದ. ಭೀಮ ವಲಲನೆಂಬ ಹೆಸರಿನಲ್ಲಿ ಅಡುಗೆಯವನಾಗಿ ಸೌಟು ಹಿಡಿದ, ಉತ್ಸವದ ದಿನ ಜೀಮೂತನೆಂಬ ಮಲ್ಲನನ್ನು ಕೆಡವಿದ. “ಗದೆ ಮರದ ಮೇಲಿತ್ತು ಕಣವ್ವ, ತೋಳು ಅಡುಗೆಮನೇಲಿತ್ತು. ಮರದ ಮೇಲಿಟ್ಟಿದ್ದನ್ನ ಅಮ್ಮನೋರು ನೋಡ್ಕೋತಾರೆ, ಕೈಯಲ್ಲಿರೋದನ್ನ ನಾವು ನೋಡ್ಕೋಬೇಕು” ಎಂದರು. ಪೆಟ್ಟಿಗೆಯ ಲಂಗೋಟಿ ನವಮಿಯಂದು ಮಾತ್ರ ಏಕೆ ಹೊರಬರುತ್ತಿತ್ತೆಂದು ನನಗೆ ಆಗ ತಿಳಿಯಿತು. ಶಕ್ತಿಯು ತಮ್ಮದಲ್ಲ, ದೇವಿಯ ಇಡುಗಂಟು. ಕೇಳಿದಾಗ ಒಪ್ಪಿಸಬೇಕಾದ್ದು ಎಂಬುದು ಅವರ ಭಕ್ತಿಯ ತಿರುಳಾಗಿತ್ತು.

ಕೈಯಲ್ಲಿ ಉಳಿದದ್ದನ್ನು ಅವರು ನೋಡಿಕೊಂಡ ರೀತಿಯನ್ನು ಅವರು ಮಾಡಿದ ಬಾಗಿಲುವಾಡಗಳು ಹೇಳುತ್ತವೆ. ಮರದ ಎಳೆ ಯಾವ ಕಡೆಗೆ ಓಡುತ್ತದೆಯೋ ಆ ಕಡೆಗೇ ಉಜ್ಜುಗೊರಡು ನಡೆಯಬೇಕು, ಎದುರು ಎಳೆದರೆ ಸಿಬಿರೇಳುತ್ತದೆ. ಎದುರಾಳಿಯ ಭಾರ ವಾಲಿದ ಕಡೆಗೇ ಪಟ್ಟು ಹಾಕಬೇಕೆಂಬ ಗರಡಿಯ ಪಾಠ ಅವರಿಗೆ ತೇಗದ ಹಲಗೆಯಲ್ಲಿಯೂ ಕಾಣುತ್ತಿತ್ತು. ಕೆಲಸಕ್ಕೆ ಬಂದ ಹುಡುಗರು ಬಲ ಹಾಕಿದರೆ “ಅದು ನಿನ್ನ ಜೊತೆ ಜಗಳಕ್ಕೆ ಬಂದಿಲ್ಲ ಕಣಪ್ಪ” ಎನ್ನುತ್ತಿದ್ದರು. ಹೊಸಿಲು ಕೂರಿಸುವ ದಿನ ಮನೆಯವರು ಅರಿಶಿನ ಹಚ್ಚುವ ಮೊದಲು ತಾವೊಮ್ಮೆ ಅದನ್ನು ಮುಟ್ಟಿ ಹಣೆಗೊತ್ತಿಕೊಳ್ಳುತ್ತಿದ್ದರು, ಮಟ್ಟಿಯನ್ನು ಮುಟ್ಟುತ್ತಿದ್ದಂತೆಯೇ.

ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಮಾತ್ರ ಅವರು ಬಿಡಲಿಲ್ಲ. ಪೈಲ್ವಾನರಾಗಿದ್ದಾಗ ಕಾಲಿನ ಕಸುವಿಗೆಂದು ಹತ್ತುತ್ತಿದ್ದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಮುಂದೆ ಆಷಾಢ ಶುಕ್ರವಾರದ ಹರಕೆಗೆಂದು ಹತ್ತಿದರು. ಮೆಟ್ಟಿಲಿಗೊಂದು ಬೊಟ್ಟಿಡುತ್ತ ಬರುವ ಹೆಂಗಸರಿಗೆ ದಾರಿ ಬಿಟ್ಟು, ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲಾ ನಂದಿಯ ಮುಂದೆ ಕೂತು ದಣಿವಾರಿಸಿಕೊಳ್ಳುವರು. ಕೊನೆಯ ವರ್ಷಗಳಲ್ಲಿ ನಂದಿಯಿಂದ ಮೇಲೆ ಹೋಗಲಾಗದೆ ಅಲ್ಲಿಂದಲೇ ಕೈಮುಗಿದು ಇಳಿಯುತ್ತಿದ್ದರು. ಅದನ್ನು ಅವರು ಸೋಲೆಂದು ಎಣಿಸಲಿಲ್ಲ. ನನಗೆ ಮಾತ್ರ ನೋಡಲು ಕಷ್ಟವಾಗುತ್ತಿತ್ತು.

ವಿಜಯದಶಮಿಯ ಬೆಳಿಗ್ಗೆ ಉಪಕರಣಗಳನ್ನು ಎತ್ತಿಕೊಂಡು ಮಾಡುವ ಮೊದಲ ಕೆಲಸಕ್ಕೆ ಕೂಲಿಯಿಲ್ಲ ಎಂಬುದು ಅಪ್ಪನ ಇನ್ನೊಂದು ವ್ರತ. ಅದು ದೇವಸ್ಥಾನಕ್ಕೋ ಗರಡಿಗೋ ಸಲ್ಲಬೇಕು. ಬನ್ನಿಮಂಟಪದ ಕಡೆಗೆ ಜಂಬೂಸವಾರಿ ಸಾಗುವ ಹೊತ್ತಿಗೆ ಅದು ಮುಗಿದಿರಬೇಕು. ಈಗ ಆ ವ್ರತವನ್ನು ತಮ್ಮ ನಡೆಸುತ್ತಿದ್ದಾನೆ. ಉಪಕರಣ ಒರೆಸಿ ಎಣ್ಣೆ ಸವರುವ ಕೆಲಸ ನನ್ನದು. ಕಳೆದ ದಸರೆಗೆ ಅವನು ಅಪ್ಪನ ಗರಡಿಯ ಗೆದ್ದಲು ಹಿಡಿದ ಬಾಗಿಲುವಾಡವನ್ನು ತೆಗೆದು ಹೊಸದನ್ನು ಕೂರಿಸಿದ. ಹೇಗಿದ್ದರೂ ಬದಲಾಯಿಸುತ್ತಿದ್ದೇವೆ, ಒಂದು ಅಡಿ ಎತ್ತರಿಸೋಣವೇ ಎಂದು ಕೇಳಿದ್ದಕ್ಕೆ ಉಸ್ತಾದರು ಒಪ್ಪಲಿಲ್ಲವಂತೆ. ಈ ಸಲದ ಕೆಲಸ ಯಾವುದೆಂದು ಇನ್ನೂ ನಿಶ್ಚಯವಾಗಿಲ್ಲ. ಗದೆಯೊಂದರ ಹಿಡಿ ಸಡಿಲವಾಗಿದೆಯೆಂದು ಗರಡಿಯಿಂದಲೂ, ಉತ್ಸವಮೂರ್ತಿಯ ಅಡ್ಡಪಲ್ಲಕ್ಕಿಯ ಕಾಲು ಬಿರುಕು ಬಿಟ್ಟಿದೆಯೆಂದು ಬೀದಿಯ ಗುಡಿಯಿಂದಲೂ ಹೇಳಿಕಳುಹಿಸಿದ್ದಾರೆ. ತಮ್ಮ ಎರಡಕ್ಕೂ ಹೊನ್ನೆಮರ ತಂದಿಟ್ಟಿದ್ದಾನೆ.