ಮೊರದ ಗೋಲಿ, ಭಾಗ 5: ಅಮ್ಮ ಕೇರಿದಳು, ಫಿಲ್ಟರ್ ಹಾರಿಹೋಯಿತು

ಮೂರು ವಾರ ತಲೆ ಕೆಡಿಸಿದ ಗೋಲಿ ನಿನ್ನೆ ರಾತ್ರಿ ಕೊನೆಗೂ ಮೊರದ ಮೇಲೆ ನಿಂತಿತು. ಹಿಂದಿನ ಭಾಗ ಓದದವರಿಗೆ: ಇದು ನಾನು ಮಾಡ್ತಿರೋ ವಿಡಿಯೋ ಗೇಮ್. ನಿಜವಾದ ಬಿದಿರಿನ ಮೊರ, ಅದರ ತಳಕ್ಕೆ ಅಂಟಿಸಿದ ಚಲನೆಯ ಸೆನ್ಸರ್, ಜೊತೆಗೆ ಅದರ ಅಂಕಿಗಳನ್ನ ವೈಫೈಯಲ್ಲಿ ಕಳಿಸೋ ಪುಟ್ಟ ಚಿಪ್ ಇಎಸ್‌ಪಿ32. ಇಬ್ಬರು ಆಚೀಚೆ ಹಿಡಿದು ವಾಲಿಸಬೇಕು. ಟಿವಿಯೊಳಗಿನ ಗೋಲಿ ಉರುಳಿ, ಗುಂಡಿ ಒತ್ತಿ ಬಾಗಿಲು ತೆಗೆದು, ಮೊರದ ತೆರೆದ ಬಾಯಿಂದ ಬುಟ್ಟಿಗೆ ಬೀಳಬೇಕು.

ಮೊದಲು ಒಂದು ಗೊಣಗಾಟ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಎಂಪಿಯು6050 ಸೆನ್ಸರ್ ಅಂತ ಕೊಟ್ಟ ಬೋರ್ಡಿಗೆ 'ನೀನ್ಯಾರಪ್ಪಾ' ಅಂತ ಹೂ-ಆಮ್-ಐ ರಿಜಿಸ್ಟರ್ ಓದಿಸಿದರೆ ಅದರ ಗುರುತಿನ ಸಂಖ್ಯೆ ಹೆಕ್ಸ್ 68 ಬರಲಿಲ್ಲ, 70 ಬಂತು. ಅಂದರೆ ಎಂಪಿಯು6500! ಹೆಸರು ಕ್ಷೀರಸಾಗರ ಭಟ್ಟ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ. ಸೆನ್ಸರ್ ಓದೋ ಸಿದ್ಧ ಕೋಡ್, ಅಂದರೆ ಲೈಬ್ರರಿ, ಮುನಿಸಿಕೊಂಡಿತು, ಆ ಪರೀಕ್ಷೆಯ ಸಾಲನ್ನೇ ಅಳಿಸಿದೆ, ಓಡಿತು.

ಈಗ ಅಸಲಿ ತಲೆನೋವು. ಗೆಳೆಯ ಜೋರಾಗಿ ವಾಲಿಸಿದಾಗಲೆಲ್ಲ ಗೋಲಿ ಮೊರದ ತಳ ತೂರಿ ಪಾತಾಳಕ್ಕೆ. ತಳ ದಪ್ಪ ಮಾಡಿದೆ. ಗೊಡೋ ಅನ್ನೋ ಗೇಮ್ ಎಂಜಿನ್‌ನಲ್ಲಿ ಸಿಸಿಡಿ ಹಾಕಿದೆ, ಜೋರಾಗಿ ಓಡೋ ವಸ್ತು ಗೋಡೆ ತೂರದಂತೆ ಕಾಯೋ ಸೌಲಭ್ಯ ಅದು. ಫಿಸಿಕ್ಸ್ ಟಿಕ್ಕನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಲ ಚಲನೆಯ ಲೆಕ್ಕ ಹಾಕಬೇಕು ಅನ್ನೋದನ್ನ, 60ರಿಂದ 240ಕ್ಕೆ ಏರಿಸಿದೆ, ಲ್ಯಾಪ್‌ಟಾಪ್ ಫ್ಯಾನು ಹಿಟ್ಟಿನ ಗಿರಣಿ ಥರ ಕೂಗಿತು, ಗೋಲಿ ಮಾತ್ರ ಬೀಳುತ್ತಲೇ ಇತ್ತು. ಆಮೇಲೆ ಪೇಪರ್ ಮೇಲೆ ಲೆಕ್ಕ ಹಾಕಿದೆ. ಅವನ ಕೈ ಸೆಕೆಂಡಿಗೆ 300 ಡಿಗ್ರಿ ತಿರುಗುತ್ತೆ. ವೈಫೈಯಲ್ಲಿ ಬರೋದು ಸೆಕೆಂಡಿಗೆ 50 ಪ್ಯಾಕೆಟ್. ಪ್ಯಾಕೆಟ್ಟಿಗೆ 6 ಡಿಗ್ರಿ ಆಯ್ತಲ್ಲ, ಟಿವಿಯೊಳಗಿನ ಮೊರದಲ್ಲಿ ನಡುವಿನಿಂದ 1 ಮೀಟರ್ ದೂರದ ಅಂಚಿನಲ್ಲಿ ಅದು ಹತ್ತೂವರೆ ಸೆಂಟಿಮೀಟರ್. ಗೋಲಿಯ ಅಡ್ಡಳತೆ 6! ನಾಲ್ಕು ಟಿಕ್ ಮೊರ ಸುಮ್ಮನೆ ಕೂತಿದ್ದು, ಐದನೆಯದಕ್ಕೆ ಗೋಲಿಯನ್ನೇ ದಾಟಿ ಆಚೆ ಇರುತ್ತಿತ್ತು. ಜಿಗಿಯುತ್ತಿದ್ದದ್ದು ಮೊರ. ಸಿಸಿಡಿ ಕಾವಲು ಕಾಯುತ್ತಿದ್ದದ್ದು ಗೋಲಿಯನ್ನ.

ಹಾಗಾಗಿ ಮೊರ ಅಲ್ಲಾಡಿಸೋದನ್ನೇ ಬಿಟ್ಟೆ. ಫಿಸಿಕ್ಸ್ ಲೋಕದಲ್ಲಿ ಮೊರ ಕದಲಲ್ಲ, ವಾಲೋದು ಗುರುತ್ವ. ಕಣ್ಣಿಗೆ ಕಾಣೋ ಚಿತ್ರವಷ್ಟೇ ತಿರುಗುತ್ತೆ. ಗೋಲಿ ತೂರೋದು ನಿಂತಿತು. ಉರುಳೋದೂ ನಿಂತಿತು! ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯ್ತು, ಗೋಲಿ ನಿದ್ದೆ ಹೋಗಿದೆ: ಅಲ್ಲಾಡದ ವಸ್ತುವಿನ ಲೆಕ್ಕವನ್ನ ಎಂಜಿನ್ ನಿಲ್ಲಿಸಿಬಿಡುತ್ತೆ. ಗುರುತ್ವ ಬದಲಾದರೆ ಅದಕ್ಕೆ ಎಚ್ಚರವಾಗಲ್ಲ. ಸ್ಲೀಪ್ ಆಫ್.

ಅಷ್ಟರಲ್ಲಿ ಅಮ್ಮ ಬಂದು ಮೊರ ಕಿತ್ತುಕೊಂಡು, ಅಭ್ಯಾಸಬಲದಿಂದ ಎರಡು ಸಲ ಕೇರಿದಳು. ಟಿವಿಯಲ್ಲಿ ಗೋಲಿ ಮಿಸುಕಲಿಲ್ಲ.

"ಮೇಲೇಳ್ಬೇಕಲ್ವೇನೋ? ಇದೆಂಥಾ ಮೊರಾನೋ?"

ಹೌದಲ್ಲ. ಮೊರ ಜರ್ರನೆ ಕೆಳಗೆ ಹೋದರೆ ಅದರ ಮೇಲಿರೋ ಗೋಲಿಗೆ ಗುರುತ್ವ ಕಮ್ಮಿಯಾದಂತೆ, ಉಲ್ಟಾ ಆದಂತೆ. ಅದನ್ನೇ ತಾನೇ ಸೆನ್ಸರಿನೊಳಗಿನ ಆಕ್ಸಿಲರೋಮೀಟರ್ ಅಳೆಯೋದು? ಅದರ ಮೂರು ದಿಕ್ಕಿನ ಅಂಕಿಗೆ ಮೈನಸ್ ಹಾಕಿ ನೇರ ಗುರುತ್ವದ ಜಾಗಕ್ಕೆ ಸುರಿದೆ. ಮುಗೀತು. ವಾಲಿಕೆ, ಕೇರಿಕೆ ಎರಡೂ ಅದರಲ್ಲೇ ಇತ್ತು. ವಾಲಿಕೆಯ ಕೋನ ಲೆಕ್ಕ ಹಾಕೋಕೆ ತಿರುಗುವಿಕೆ ಅಳೆಯೋ ಗೈರೋಗೆ 0.98, ಆಕ್ಸಿಲರೋಮೀಟರಿಗೆ 0.02 ಪಾಲು ಅಂತ ಮೂರು ವಾರ ಮುದ್ದು ಮಾಡಿ ಸಾಕಿದ ಫಿಲ್ಟರ್ ಈಗ ಚಿತ್ರ ತಿರುಗಿಸೋ ಕೂಲಿ ಕೆಲಸಕ್ಕೆ. ಸೆನ್ಸರ್ ಅಳೆಯೋ ರೇಂಜ್ 2 ಜಿಯಿಂದ 8 ಜಿಗೆ ಏರಿಸಿ (1 ಜಿ ಅಂದರೆ ಭೂಮಿಯ ಗುರುತ್ವದಷ್ಟು), ಅಮ್ಮ ಕೇರೋ ರಭಸಕ್ಕೆ 2 ಸಾಲಲ್ಲ. ಸೆನ್ಸರ್ ಮೊರದ ನಟ್ಟನಡುವೆ ಇರೋದರಿಂದ ಅಂಚಿನ ಗೋಲಿಗೆ ತಿರುಗಿಸಿದ ಏಟು ತಗಲಲ್ಲ. ಗೆಳೆಯರಿಗೆ ಇನ್ನೂ ಗೊತ್ತಾಗಿಲ್ಲ, ನೀವೂ ಬಾಯಿ ಬಿಡಬೇಡಿ.

ಅಂದಹಾಗೆ ಮುಂದಿನದು ಅಳಗುಳಿಮಣೆ, 14 ಗುಳಿಗೂ ಬೀಜ ಎಣಿಸೋಕೆ ಒಂದೊಂದು ಲೋಡ್ ಸೆಲ್, ಅಂದರೆ ತೂಕದ ಸೆನ್ಸರ್, ಅಂದುಕೊಂಡಿದ್ದೆ. ಹುಣಸೆಬೀಜ ತೂಗಿ ನೋಡಿದೆ, ಒಂದರ ಹಾಗೆ ಇನ್ನೊಂದಿಲ್ಲ. ಇನ್‌ಫ್ರಾರೆಡ್ ಕಿರಣವೇ ಗತಿ.

ಮತ್ತೆ ಮೊರಕ್ಕೆ ಬಂದರೆ, ಆಟದ ನಾಲ್ಕನೇ ಹಂತಕ್ಕೆ ಜೊಳ್ಳು ಸೇರಿಸಿದ್ದೀನಿ: ಗಾಳಿಯ ತಡೆ ಜಾಸ್ತಿ ಇಟ್ಟ ಹಗುರ ಚೂರುಗಳು. ಇಬ್ಬರೂ ಒಟ್ಟಿಗೆ ಕೇರದಿದ್ದರೆ ಹಾರಲ್ಲ. ಪರೀಕ್ಷೆ ಭಾನುವಾರ. ಇವತ್ತು ಮೊರ ಸಿಗಲ್ಲ, ಅಮ್ಮ ಸೆನ್ಸರ್ ಸಮೇತ ಅಕ್ಕಿ ಮಾಡ್ತಾ ಕೂತಿದ್ದಾಳೆ.