ಕಾಯುವವರಿಲ್ಲದ ಅಂಗಡಿ

ಎತ್ತು ಕೊಳ್ಳುವಾಗ ನಮ್ಮಪ್ಪ ಸಂತೆಯಲ್ಲೇ ವ್ಯಾಪಾರ ಮುಗಿಸಿದವನಲ್ಲ. ಸಂತೆಗೆ ತರುವಾಗ ಎತ್ತಿನ ಮೈ ತೊಳೆದು, ಕೊಂಬು ಹೆರೆದು, ಗೊಂಡೆ ಕಟ್ಟಿ ನಿಲ್ಲಿಸಿರುತ್ತಾರೆ. ಅಪ್ಪ ಹಲ್ಲು ನೋಡಿ, ಸುಳಿ ನೋಡಿ, ರೇಟು ಕೇಳಿ ಸುಮ್ಮನೆ ಬಂದುಬಿಡುತ್ತಿದ್ದ. ಎರಡು ದಿನ ಬಿಟ್ಟು ಮಾರುವವನ ಊರಿಗೇ ಹೋಗಿ, ಹೇಳದೆ ಕೇಳದೆ ಅವನ ಕೊಟ್ಟಿಗೆ ಮುಂದೆ ನಿಲ್ಲುತ್ತಿದ್ದ. ‘ಮೇವು ಹಾಕೂ ಹೊತ್ತಿನ್ಯಾಗ ಎತ್ತು ಹೆಂಗ ಇರ್ತೈತಿ, ಅದನ್ನ ನೋಡಬೇಕು’ ಎನ್ನುತ್ತಿದ್ದ. 1996ರ ಬೇಸಿಗೆಯಲ್ಲಿ ನನಗೆ ಶಾಲೆ ಹುಡುಕಿದ್ದೂ ಹೀಗೇ.

ನಮ್ಮೂರು ರೋಣದ ಕಡೆ. ಊರಿನ ಸಾಲಿ ಏಳನೇತ್ತೆಗೆ ಮುಗಿಯುತ್ತಿತ್ತು. ಶೇಂಗಾ ಮಾರಲು ಗದಗಿಗೆ ಹೋದಾಗ ದಲಾಲಿ ಅಂಗಡಿಯ ಗುಮಾಸ್ತರು ಅಪ್ಪನಿಗೆ ಮೂರು ಶಾಲೆಗಳ ಹೆಸರು ಬರೆದುಕೊಟ್ಟರು. ಮೂರೂ ಖಾಸಗಿ, ಮೂರರಲ್ಲೂ ವಸತಿ ಇತ್ತು. ಮೊದಲ ಶಾಲೆಯ ಬಾಗಿಲಲ್ಲೇ ದೊಡ್ಡ ಬೋರ್ಡು. ಎಸ್ಸೆಸ್ಸೆಲ್ಸಿ ನೂರಕ್ಕೆ ನೂರು ಫಲಿತಾಂಶ, ಸಾಲು ಸಾಲು ಹುಡುಗರ ಫೋಟೊ. ಅಪ್ಪ ಓದಿದ್ದು ನಾಲ್ಕನೇತ್ತೆ. ಬೋರ್ಡು ನಿಧಾನಕ್ಕೆ ಓದಿ, ‘ನಪಾಸಾಗೂ ಹುಡುಗ್ರು ಇಲ್ಲೇನ್ರಿ ನಿಮ್ಮಲ್ಲೆ?’ ಎಂದು ಕೇಳಿದ. ಆಫೀಸಿನವರು ನಗುತ್ತಾ, ಅಂಥವರಿಗೆ ಒಂಬತ್ತಕ್ಕೇ ಟಿಸಿ ಕೊಟ್ಟು ಕಳಿಸುತ್ತೇವೆ ಎಂದರು. ಅದನ್ನು ಹೆಮ್ಮೆಯಿಂದಲೇ ಹೇಳಿದರು ಅನ್ನುವುದು ನನಗೆ ಈಗಲೂ ನೆನಪಿದೆ. ನಾನು ಲೆಕ್ಕದಲ್ಲಿ ಎಂಥವನು ಅಂತ ಅಪ್ಪನಿಗೆ ಗೊತ್ತಿತ್ತು. ಹೊರಗೆ ಬಂದೆವು.

ಎರಡನೆಯ ಕಡೆ ಕಟ್ಟಡ ಚೆಂದ, ಕಂಪ್ಯೂಟರ್ ರೂಮೂ ಇತ್ತು. ನನಗಂತೂ ಅಲ್ಲೇ ಉಳಿದುಬಿಡುವ ಆಸೆ. ನಾವು ಕಟ್ಟೆಯ ಮೇಲೆ ಕೂತಿದ್ದಾಗ ನನಗಿಂತ ಸಣ್ಣ ಹುಡುಗನೊಬ್ಬ ವರಾಂಡದಿಂದ, ಅಪ್ಪನಷ್ಟೇ ವಯಸ್ಸಿನ ಸಿಪಾಯಿಗೆ ‘ಏಯ್, ನೀರು ತಾರೋ’ ಎಂದು ಕೂಗಿದ. ಸಿಪಾಯಿ ತಂದುಕೊಟ್ಟ. ಅಪ್ಪ ಎದ್ದು ರುಮಾಲು ಕೊಡವಿ, ‘ನಡಿ, ಬಸ್ಸು ತಪ್ತೈತಿ’ ಎಂದ. ಬಸ್ಸಿಗೆ ಇನ್ನೂ ಎರಡು ತಾಸಿತ್ತು.

ಮೂರನೆಯದು ನಮ್ಮ ಶಾಲೆ. ಅಲ್ಲಿಗೆ ಬಂದಾಗ ಹೆಡ್ಮಾಸ್ತರು ಇರಲಿಲ್ಲ, ಧಾರವಾಡದಲ್ಲಿರುವ ಶಿಕ್ಷಣ ಇಲಾಖೆಯ ಜಿಲ್ಲಾ ಕಚೇರಿಗೆ, ಡಿಡಿಪಿಐ ಆಫೀಸಿಗೆ, ಹೋಗಿದ್ದರು. ಅಪ್ಪನಿಗೆ ಅದೇ ಬೇಕಾಗಿತ್ತು. ಸೀದಾ ಅಡಿಗೆ ಮನೆ ಕಡೆ ನಡೆದ. ಅಲ್ಲಿ ಒಬ್ಬ ಹೆಣ್ಣುಮಗಳು ರೊಟ್ಟಿ ಬಡಿಯುತ್ತಿದ್ದಳು. ಜೋಳ ಎಲ್ಲಿಯದು, ಪಲ್ಯ ದಿನಾ ಇರುತ್ತದೋ ಇಲ್ಲವೋ ಅಂತ ಶುರುಮಾಡಿ ಕೊನೆಗೆ ಅಪ್ಪ ಕೇಳಿದ್ದು ಇಷ್ಟು: ‘ಹುಡುಗ್ರು ನಿನ್ನ ಏನಂತ ಕರೀತಾರವ್ವಾ?’

‘ದೊಡ್ಡವ್ವ ಅಂತಾರ್ರಿ. ಇನ್ನೇನನ್ನಬೇಕು?’ ಎಂದಳು, ರೊಟ್ಟಿಯಿಂದ ಕಣ್ಣು ತೆಗೆಯದೆ.

ಅಪ್ಪನ ಶೋಧ ಅಲ್ಲಿಗೆ ಮುಗಿಯಿತು. ವರ್ಷಕ್ಕೆ 3,200 ರೂಪಾಯಿ ಮತ್ತು ಎರಡು ಚೀಲ ಜೋಳ. ಅವ್ವನಿಗೆ ಮನಸ್ಸಿರಲಿಲ್ಲ. ‘ಬರೇ ಗಂಡು ಹುಡುಗ್ರನ್ನ ಒಂದ ಕಡೆ ಕೂಡಿಹಾಕಿದ್ರ ಗೂಳಿ ಆಗ್ತಾವ’ ಎಂದು ಒಂದು ವಾರ ಗೊಣಗಿದಳು. ಅವ್ವ ಅರ್ಧ ಸರಿ ಇದ್ದಳು, ಅದನ್ನು ಆಮೇಲೆ ಹೇಳುತ್ತೇನೆ. ಜೂನಿನಲ್ಲಿ ಆ ಎರಡು ಚೀಲ ಜೋಳವನ್ನು ಕೇರಿ, ಹಸನು ಮಾಡಿ, ಚೀಲದ ಬಾಯಿ ಹೊಲಿದು ಕೊಟ್ಟವಳು ನನ್ನಕ್ಕ. ಅಕ್ಕ ಏಳನೇತ್ತೆಯಲ್ಲಿ ನನಗಿಂತ ಹೆಚ್ಚು ಮಾರ್ಕು ತೆಗೆದು, ಹೈಸ್ಕೂಲು ಬೇರೆ ಊರಲ್ಲಿದೆ ಅನ್ನುವ ಕಾರಣಕ್ಕೆ ಎರಡು ವರ್ಷದ ಹಿಂದೆಯೇ ಸಾಲಿ ಬಿಟ್ಟಿದ್ದಳು. ಅವಳ ಸಲುವಾಗಿ ಅಪ್ಪ ಯಾವ ಅಡಿಗೆ ಮನೆಗೂ ಹೋಗಿ ನಿಂತಿರಲಿಲ್ಲ.

ನಮ್ಮ ಶಾಲೆಯದು ‘ನಡತೆಯೇ ಮೊದಲ ಪಾಠ’ ಅನ್ನುವ ಮಾತು. ಬೆಳಿಗ್ಗೆ ಐದಕ್ಕೆ ಗಂಟೆ, ಸ್ನಾನ, ವಚನ, ಅಂಗಳ ಗುಡಿಸುವ ಪಾಳಿ. ಶನಿವಾರ ನೀತಿ ಪಾಠ. ಆ ನೀತಿ ಪಾಠಗಳಲ್ಲಿ ಒಂದೂ ನನಗೆ ನೆನಪಿಲ್ಲ. ಹಸಿವು ಮಾತ್ರ ನೆನಪಿದೆ, ಯಾಕೆಂದರೆ ಪಾಠ ಮುಗಿಯದೆ ಉಪ್ಪಿಟ್ಟು ಬರುತ್ತಿರಲಿಲ್ಲ. ಇನ್ನೊಂದು ‘ಸದ್ಗುಣ ಪಟ್ಟಿ’. ಸಮಯಪಾಲನೆ, ಸ್ವಚ್ಛತೆ, ಸತ್ಯ, ಒಂದೊಂದಕ್ಕೆ 50 ಅಂಕ. ನಮ್ಮ ತರಗತಿಯ ಮಹಾ ಸುಳ್ಳುಗಾರನಿಗೆ ಸತ್ಯದಲ್ಲಿ 48 ಬಂದಿತ್ತು. ಅವನು ಈಗ ಏನು ಮಾಡುತ್ತಿದ್ದಾನೆ ಅಂತ ಬರೆಯುವುದಿಲ್ಲ, ಶಾಲೆಯ ಈ ಸಂಚಿಕೆ ಅವನ ಕೈಗೂ ಹೋಗುತ್ತದೆ. ನಡತೆಗೆ ಅಂಕ ಕೊಡಲು ಹೊರಟರೆ ಹುಡುಗರು ಅಂಕ ಗಳಿಸುವುದನ್ನು ಕಲಿಯುತ್ತಾರೆ, ಅಷ್ಟೇ. ಕೊನೆಗೆ ಟಿಸಿಯಲ್ಲಿ ಅವನಿಗೂ ನನಗೂ ಒಂದೇ ಷರಾ: ‘ನಡತೆ ತೃಪ್ತಿಕರ.’

ನೆನಪಿರುವುದು ಅಂಗಡಿ. ಹಳಬರಿಗೆಲ್ಲ ಗೊತ್ತು. ಪ್ರಾರ್ಥನೆ ಹಾಲಿನ ಹಿಂದಿನ ಮೂಲೆಯಲ್ಲಿ ಬೀಗವಿಲ್ಲದ ಕಪಾಟು. ಮೇಲಿನ ತಟ್ಟಿನಲ್ಲಿ ನೋಟ್‌ಬುಕ್ಕು, ಕೆಳಗೆ ಪೆನ್ಸಿಲು, ರಬ್ಬರು, ರೀಫಿಲ್, ಶಾಯಿ ಬಾಟಲಿ. ಪಕ್ಕಕ್ಕೆ ಮುಚ್ಚಳ ಸೀಳಿದ ಬೋರ್ನ್‌ವಿಟಾ ಡಬ್ಬಿ. ಸೀಳು ಎಂಟಾಣೆ ಸಲೀಸಾಗಿ ಹೋಗುವಷ್ಟು, ಒಂದು ರೂಪಾಯಿ ಬಿಲ್ಲೆಯನ್ನು ಸ್ವಲ್ಪ ಒತ್ತಬೇಕು. ಮೊಳೆಗೆ ನೇತುಹಾಕಿದ ಉದ್ದನೆಯ ರಿಜಿಸ್ಟರು, ಅದಕ್ಕೆ ಗೋಣಿ ದಾರದಲ್ಲಿ ಕಟ್ಟಿದ ಪೆನ್ಸಿಲು. ಆ ಪೆನ್ಸಿಲನ್ನು ಯಾರೋ ಎರಡೂ ಕಡೆ ಕೆತ್ತಿದ್ದರು. ತಾರೀಖು, ವಸ್ತು, ಬೆಲೆ ಬರೆದು ದುಡ್ಡು ಹಾಕಿ ಹೋಗಬೇಕು. ಹೆಸರು ಬರೆಯುವ ಕಾಲಮ್ಮೇ ಇರಲಿಲ್ಲ. ಕಾಯುವವರೂ ಇಲ್ಲ. ನಡೆಸುವ ಜವಾಬ್ದಾರಿ ಒಂಬತ್ತನೇ ತರಗತಿಯದು, ತಿಂಗಳ ಕೊನೆಗೆ ಲೆಕ್ಕದ ಸರ್ ಕೂತು ತಾಳೆ ನೋಡುತ್ತಿದ್ದರು.

ಈ ಅಂಗಡಿಯ ಮೂಲ ಎಲ್ಲಿಯದು ಅಂತ ತೋರಿಸಲು ಸರ್ ನಮ್ಮನ್ನು ಒಂದು ರವಿವಾರ ಕಣಗಿನಹಾಳಕ್ಕೆ ಕರೆದುಕೊಂಡು ಹೋದರು. ಬಾಡಿಗೆ ಸೈಕಲ್ಲು, ಒಂದಕ್ಕೆ ಇಬ್ಬರು. ಗದಗ ತಾಲ್ಲೂಕಿನ ಈ ಊರಿನಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರಿಗೆ ಸಾಲ ಕೊಡುವ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ನಮಗೆ ಅಲ್ಲಿ ಕಂಡದ್ದು ಎಲ್ಲ ಊರಿನಂಥದೇ ಒಂದು ಊರು. ನಮ್ಮ ಲಕ್ಷ್ಯವೆಲ್ಲ ವಾಪಸು ಬರುವಾಗ ಸಿಗಲಿರುವ ಕಬ್ಬಿನ ಹಾಲಿನ ಮೇಲೆ. ಆದರೆ ಬೇವಿನ ಗಿಡದ ಕೆಳಗೆ ಕೂಡಿಸಿ ಸರ್ ಹೇಳಿದ ಒಂದು ಮಾತು ತಲೆಯಲ್ಲಿ ಉಳಿಯಿತು. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯ ಪ್ರಕಾರ ಹಳ್ಳಿಯ ಇಂಥ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಅದರ ಸಾಲಕ್ಕೆ ಎಲ್ಲರ ಹೊಲ ಮನೆಯೂ ಹೊಣೆ. ‘ಹಂಗಂದ ಮ್ಯಾಲೆ ಸಾಲ ಕೊಡೂ ಮುಂದ ಏನ್ ನೋಡ್ತಾರ? ಹೊಲ ಎಷ್ಟೈತಿ ಅಂತ ಅಷ್ಟ ಅಲ್ಲ. ಮನಷ್ಯಾ ಎಂಥಾಂವ ಅಂತ ನೋಡ್ತಾರ. ಅದು ಊರಿನವರಿಗಷ್ಟ ಗೊತ್ತಿರ್ತೈತಿ’ ಎಂದರು. ನಮ್ಮ ಅಂಗಡಿಯ ನಿಯಮವೂ ಅದೇ. ಡಬ್ಬಿಯಲ್ಲಿ ಕಡಿಮೆ ಬಿದ್ದರೆ ಒಂಬತ್ತನೇ ತರಗತಿಯ ಎಲ್ಲರೂ ಸಮನಾಗಿ ತುಂಬಬೇಕು.

ಆ ವರ್ಷ ಶಾಲೆಯ ಬೋರ್ಡಿನಲ್ಲಿ ‘ಜಿ. ಧಾರವಾಡ’ ಅಳಿಸಿ ‘ಜಿ. ಗದಗ’ ಬರೆಸಿದರು. 1997, ಗದಗ ಹಾವೇರಿ ಎರಡೂ ಹೊಸ ಜಿಲ್ಲೆಗಳಾದ ವರ್ಷ. ಹಳೆಯ ಅಕ್ಷರ ಪೂರ್ತಿ ಹೋಗದೆ, ಮಳೆ ಬಂದಾಗ ‘ಧಾರವಾಡ’ ಮತ್ತೆ ಮಸುಕಾಗಿ ಕಾಣುತ್ತಿತ್ತು. ಅದೇ ಮಳೆಗಾಲದಲ್ಲಿ ನನ್ನ ಕಳ್ಳತನ.

ನೋಟ್‌ಬುಕ್ಕಿಗೆ ಅಂತ ಅಪ್ಪ ಕೊಟ್ಟ ಇಪ್ಪತ್ತು ರೂಪಾಯಿಯನ್ನು ನಾನು ಗದಗ ಬಸ್ ಸ್ಟ್ಯಾಂಡಿನ ಹತ್ತಿರ ಗಿರಮಿಟ್ಟು ಮಿರ್ಚಿಗೆ ಖರ್ಚು ಮಾಡಿದ್ದೆ, ಒಬ್ಬನೇ ಅಲ್ಲ, ಇಬ್ಬರಿಗೆ ತಿನ್ನಿಸಿ ದೊಡ್ಡಸ್ತಿಕೆ ತೋರಿಸಿದ್ದೆ. ಒಂದು ಸಂಜೆ ಕಪಾಟಿನಿಂದ ಎರಡು ನೋಟ್‌ಬುಕ್ಕು, ಒಂದು ರೀಫಿಲ್, ಒಂದು ರಬ್ಬರು ತೆಗೆದುಕೊಂಡೆ. 8, 2, 1. ಒಟ್ಟು ಹನ್ನೊಂದು. ರಿಜಿಸ್ಟರಿನಲ್ಲಿ ಏನೂ ಬರೆಯಲಿಲ್ಲ. ಮುಂದಿನ ವಾರ ಹಾಕಿದರಾಯಿತು ಅಂದುಕೊಂಡೆ. ಕದಿಯುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ, ಅದೇ ಅದರ ಸೋಜಿಗ.

ತಿಂಗಳ ಕೊನೆಗೆ ಸರ್ ಬೋರ್ಡಿನ ಮೇಲೆ ಬರೆದರು: ಕಡಿಮೆ 11-00. ಯಾರು ಅಂತ ಕೇಳಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ. ಕೆಳಗೆ 44ರಿಂದ ಭಾಗಿಸಿ, ‘ತಲಾ ನಾಲ್ಕಾಣೆ, ಸಂಜೀಕ ಡಬ್ಬ್ಯಾಗ ಹಾಕ್ರಿ’ ಎಂದು ಹೇಳಿ ಬೀಜಗಣಿತ ಶುರುಮಾಡಿದರು. ಭಾಗಾಕಾರ ಶೇಷವಿಲ್ಲದೆ ಸರಿಹೋದದ್ದಕ್ಕೆ ನನಗೆ ಒಳಗೊಳಗೇ ಸಮಾಧಾನವಾಗಿತ್ತು, ನೋಡಿ.

ನನ್ನ ಬೆಂಚಿನ ಗೆಳೆಯ ಮುಂಡರಗಿ ಕಡೆಯವನು. ಮಧ್ಯಾಹ್ನ ಬಂದು ಕಿವಿಯಲ್ಲಿ, ‘ಲೇ, ನನ್ನ ಹತ್ರ ಇಲ್ಲೋ. ನಾಲ್ಕಾಣೆ ಇದ್ರ ಕೊಡು, ರವಿವಾರ ನಮ್ಮಪ್ಪ ಬರ್ತಾನ, ಕೊಡ್ತೀನಿ’ ಎಂದ. ನನ್ನ ಕಿಸೆಯಲ್ಲಿ ಉಳಿದದ್ದು ಎಂಟಾಣೆ. ಡಬ್ಬಿಗೆ ಅದನ್ನೇ ಹಾಕಿ ‘ಇಬ್ಬರದು’ ಎಂದೆ. ರವಿವಾರ ಅವರಪ್ಪ ಬುತ್ತಿ ಗಂಟು ಹಿಡಿದು ಬಂದ. ನಾನು ನಲ್ಲಿಯ ಹತ್ತಿರ ಅರಿವೆ ಒಗೆಯುತ್ತಿದ್ದೆ. ಗೆಳೆಯ ಅಲ್ಲಿಗೇ ಓಡಿ ಬಂದು, ಸಾಬೂನು ಮೆತ್ತಿದ ನನ್ನ ಅಂಗೈ ಬಿಡಿಸಿ ನಾಲ್ಕಾಣೆ ಇಟ್ಟು, ‘ಸಿಕ್ಕಾಪಟ್ಟೆ ಮರ್ಯಾದಿ ಉಳಿಸಿದಿ ದೋಸ್ತಾ’ ಎಂದ. ಜೊತೆಗೆ ಅವರ ಮನೆಯ ಶೇಂಗಾ ಹೋಳಿಗೆ, ಒಂದೂವರೆ.

ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆಯಬಹುದು. ಇಳಿಯಿತು, ರುಚಿಯೂ ಇತ್ತು. ಆದರೆ ಆ ರಾತ್ರಿಯಿಂದ ಕಪಾಟಿನ ಮುಂದೆ ಹೋಗುವುದು ನನಗೆ ಆಗಲಿಲ್ಲ. ರೀಫಿಲ್ ಮುಗಿದರೆ ಬೇರೆಯವರನ್ನು ಕಳಿಸುತ್ತಿದ್ದೆ.

ದೀಪಾವಳಿ ರಜೆಗೆ ಊರಿಗೆ ಹೋದಾಗ ಅಕ್ಕನ ಹತ್ತಿರ ಹನ್ನೊಂದು ರೂಪಾಯಿ ಕೇಳಿದೆ. ‘ಯಾಕ?’ ಎಂದಳು. ‘ನೋಟ್‌ಬುಕ್ಕಿನ ದುಡ್ಡು’ ಎಂದೆ. ಸುಳ್ಳೂ ಅಲ್ಲ. ಹಿಟ್ಟಿನ ಡಬ್ಬಿಯೊಳಗೆ ಮೊಣಕೈ ತನಕ ಕೈ ಹಾಕಿ, ಕಳೆ ತೆಗೆದು ದುಡಿದ ಕೂಲಿಯಿಂದ ಎಣಿಸಿ ಕೊಟ್ಟಳು. ನೋಟಿಗೆಲ್ಲ ಜೋಳದ ಹಿಟ್ಟು. ಶಾಲೆಗೆ ಬಂದ ದಿನವೇ ಯಾರೂ ಇಲ್ಲದಾಗ ಡಬ್ಬಿಗೆ ಹಾಕಿದೆ.

ಆ ತಿಂಗಳ ಕೊನೆಗೆ ಬೋರ್ಡಿನ ಮೇಲೆ: ಹೆಚ್ಚು 11-00. ಸರ್ ಸ್ವಲ್ಪ ಹೊತ್ತು ಸೀಮೆಸುಣ್ಣ ಹಿಡಿದು ನಿಂತರು. ‘ಅಂಗಡಿಗೆ ಲಾಭ ಬ್ಯಾಡ. ತಲಾ ನಾಲ್ಕಾಣೆ ವಾಪಸ್ ತಗೋರಿ’ ಎಂದರು. ಸಾಲಾಗಿ ಹೋಗಿ ತೆಗೆದುಕೊಂಡೆವು. ನನಗೂ ಒಂದು ಬಂತು. ಅದನ್ನು ಇವತ್ತಿಗೂ ಜೋಪಾನ ಮಾಡಿಟ್ಟಿದ್ದೇನೆ ಅಂತ ಬರೆದರೆ ಸಂಪಾದಕರಿಗೆ ಖುಷಿಯಾದೀತು. ಗೇಟಿನ ಹೊರಗಿನ ಅಂಗಡಿಯಲ್ಲಿ ಪೆಪ್ಪರಮಿಂಟು ತಿಂದೆ. ಸರ್‌ಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ನೋಟಿನ ಮೇಲಿನ ಹಿಟ್ಟನ್ನು ಅವರು ನೋಡಿರಲೇಬೇಕು.

ಇನ್ನು ಅವ್ವನ ಗೂಳಿ ಮಾತು. 625ಕ್ಕೆ 431 ತೆಗೆದು ಪಿಯುಸಿಗೆ ಕಾಲೇಜಿಗೆ ಹೋದೆ. ತರಗತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು. ಮೂರು ವರ್ಷ ದೊಡ್ಡವ್ವನ ಹೊರತು ಒಂದು ಹೆಂಗಸಿನ ಜೊತೆ ಮಾತಾಡದ ನಾನು, ಪಕ್ಕದ ಸಾಲಿನ ಹುಡುಗಿ ‘ನೋಟ್ಸ್ ಕೊಡ್ತೀರಾ’ ಎಂದಾಗ ಹೆದರಿ ನೋಟ್ಸ್ ಅಲ್ಲೇ ಬಿಟ್ಟು ಹೊರಗೆ ಹೋಗಿಬಿಟ್ಟೆ. ನಮ್ಮವರೇ ಇನ್ನಿಬ್ಬರು ಹಿಂದಿನ ಬೆಂಚಿನಲ್ಲಿ ಕೂತು ಹುಡುಗಿಯರ ಬಗ್ಗೆ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವರೂ ದಿನಾ ವಚನ ಹೇಳಿದವರೇ, ಅಂಗಳ ಗುಡಿಸಿದವರೇ, ಡಬ್ಬಿಯಿಂದ ಒಂದು ಪೈಸೆ ಮುಟ್ಟದವರು. ನಡತೆ ಅಂದರೆ ಗಂಡಸರು ಗಂಡಸರ ನಡುವೆ ಪಾಲಿಸುವ ಲೆಕ್ಕ ಅಂತ ನಾವೆಲ್ಲ ತಿಳಿದುಕೊಂಡಿದ್ದೆವೇನೋ. ಶಾಲೆ ಹಾಗೆ ಕಲಿಸಲಿಲ್ಲ, ನಿಜ. ಬೇರೆ ಥರ ಕಲಿಯಲು ಅವಕಾಶವನ್ನೂ ಕೊಡಲಿಲ್ಲ.

ಈಗ ಹುಬ್ಬಳ್ಳಿಯಲ್ಲಿ ಲೆಕ್ಕಪತ್ರ ಬರೆಯುವ ಕೆಲಸ. ಮಗಳು ಈ ವರ್ಷ ಏಳು ಮುಗಿಸುತ್ತಾಳೆ. ಶಾಲೆ ಹುಡುಕುವ ಪಾಳಿ ನನ್ನದು. ಎಲ್ಲ ಶಾಲೆಗಳ ಕರಪತ್ರದಲ್ಲೂ ಚಾರಿತ್ರ್ಯ ನಿರ್ಮಾಣ, ಮೌಲ್ಯ ಶಿಕ್ಷಣ ಅಂತ ಹೊಳೆಯುವ ಅಕ್ಷರ. ಅಡಿಗೆ ಮನೆ ನೋಡಬೇಕು ಎಂದರೆ ಗೇಟಿನವ ‘ಅಪಾಯಿಂಟ್‌ಮೆಂಟ್ ಐತೇನ್ರಿ?’ ಎನ್ನುತ್ತಾನೆ. ಅಪಾಯಿಂಟ್‌ಮೆಂಟ್ ತೆಗೆದುಕೊಂಡು ನೋಡಿದರೆ ಅದು ಸಂತೆಯ ಎತ್ತು. ಹಾಗಾಗಿ ಸಂಜೆ ಶಾಲೆ ಬಿಡುವ ಹೊತ್ತಿಗೆ ರಸ್ತೆಯ ಆಚೆ ಬೈಕ್ ನಿಲ್ಲಿಸಿಕೊಂಡು, ಬಸ್ಸಿಗೆ ಹತ್ತಿಸುವ ಆಯಾನನ್ನು ಮಕ್ಕಳು ಏನಂತ ಕರೆಯುತ್ತಾರೆ ಅಂತ ಕೇಳುತ್ತಾ ನಿಲ್ಲುತ್ತೇನೆ. ಎರಡು ಸಲ ವಾಚ್‌ಮನ್ ಬಂದು ವಿಚಾರಿಸಿ ಹೋದ.

ಹೋದ ತಿಂಗಳು ಅಕ್ಕ ಬಂದಿದ್ದಳು. ಕರಪತ್ರಗಳ ರಾಶಿ ನೋಡಿ, ‘ಇಷ್ಟ್ಯಾಕ ತಿರಗ್ತಿ, ನೀ ಕಲ್ತ ಸಾಲೀಗೆ ಹಾಕು, ಚಲೋ ಐತಿ ಅಂತ ಹೇಳ್ತಿದ್ದೆಲ್ಲ’ ಎಂದಳು. ಅದು ಗಂಡುಮಕ್ಕಳ ಸಾಲಿ ಎಂದೆ. ‘ಇನ್ನೂ?’ ಎಂದಳು.

ಅದಕ್ಕೇ ಸಂಚಿಕೆಗೆ ಬರೆಯಿರಿ ಅಂದಾಗ ಒಪ್ಪಿಕೊಂಡೆ. ಆಡಳಿತ ಮಂಡಳಿಯವರಲ್ಲಿ ನನ್ನದು ಒಂದೇ ವಿನಂತಿ. ಮುಂದಿನ ಜೂನಿಗೆ ಎಂಟನೇತ್ತೆಯ ಪ್ರವೇಶ ಅರ್ಜಿ ಒಂದು ಕಳಿಸಿಕೊಡಿ. ಅದರಲ್ಲಿ ‘ವಿದ್ಯಾರ್ಥಿಯ ಹೆಸರು: ಕುಮಾರ’ ಅಂತ ಮೊದಲೇ ಅಚ್ಚಾಗಿರುತ್ತದೆ, ಗೊತ್ತು. ಆ ‘ಕುಮಾರ’ವನ್ನು ನಾನೇ ಗೀಟು ಹಾಕಿ ತಿದ್ದಿಕೊಳ್ಳುತ್ತೇನೆ. ಎರಡು ಚೀಲ ಜೋಳ ಅಕ್ಕ ಹಸನು ಮಾಡಿಟ್ಟಿದ್ದಾಳೆ.