ಓಮ್ನಿ ವ್ಯಾನಿಗೆ ಹಳೆಯ ಶಾಕ್ ಅಬ್ಸಾರ್ಬರ್ ಎಲ್ಲಿ ಸಿಗುತ್ತದೆ ಎಂದು ಕೇಳುವವರಿಗೆ

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ. ಹೊಸದು ಬೇಕಿದ್ದರೆ ಜೆ.ಸಿ. ರಸ್ತೆಯಲ್ಲಿ. ಇಷ್ಟು ಸಾಕು ಎನ್ನುವವರು ಓದು ನಿಲ್ಲಿಸಿ ಹೊರಡಬಹುದು. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡ, ನಮಾಜಿನ ಹೊತ್ತಿಗೆ ಗುಜರಿಯ ಹಲವು ಅಂಗಡಿಗಳು ಮುಚ್ಚಿರುತ್ತವೆ.

ತ್ಯಾಗರಾಜನಗರದಲ್ಲಿ ನಮ್ಮದು ಪಾತ್ರೆ ಬಾಡಿಗೆಯ ಅಂಗಡಿ. ಕೊಳಗ, ಬಾಂಡಲಿ, ಗ್ಯಾಸ್ ಒಲೆಗಳನ್ನು ಹೊತ್ತು ಊರು ಸುತ್ತುವುದು ಒಂದು ಹಳೆಯ ಮಾರುತಿ ಓಮ್ನಿ. ಅಂಥದ್ದೇ ಗಾಡಿ ಇಟ್ಟುಕೊಂಡವರು ನಮ್ಮದನ್ನು ಕಂಡರೆ ಕೇಳದೆ ಬಿಡುವುದಿಲ್ಲ: “ನಿಮ್ಮ ಯಜಮಾನರು ಸೆಕೆಂಡ್ ಹ್ಯಾಂಡ್ ಸಸ್ಪೆನ್ಷನ್ ಸಾಮಾನು, ಶಾಕ್ ಸ್ಪ್ರಿಂಗ್ ಎಲ್ಲಾ, ಎಲ್ಲಿಂದ ತರಿಸುತ್ತಾರೆ, ಮೇಡಂ?” ನಮ್ಮ ಯಜಮಾನರು ತರಿಸುವುದು ಕೊತ್ತಂಬರಿ ಸೊಪ್ಪು. ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗಿದೆ ಎಂಬುದು ಅವರಿಗೆ ಏಪ್ರಿಲ್ ತಿಂಗಳಲ್ಲಿ, ಕುಳಿತಲ್ಲಿ ಬಿಸಿ ತಗುಲಿದಾಗ ಮಾತ್ರ ನೆನಪಾಗುತ್ತದೆ. ಗುಜರಿಗೆ ಹೋಗುವವಳೂ ಗಾಡಿಯ ಕೆಳಗೆ ಮಲಗಿ ನೋಡುವವಳೂ ನಾನು.

“ಹೊಸ ಗಾಡಿ ಕೊಳ್ಳಬಾರದೇ?” ಎಂಬುದು ಬಾಲದಂತೆ ಬರುವ ಇನ್ನೊಂದು ಪ್ರಶ್ನೆ. ಎರಡೂ ಕಡೆ ಜಾರುವ ಬಾಗಿಲು, ತಗ್ಗಿನಲ್ಲಿರುವ ನೆಲ. ತುಂಬುವುದು ಇಳಿಸುವುದು ನನ್ನ ಬೆನ್ನು, ನಿಮ್ಮದಲ್ಲ. 1984ರಲ್ಲಿ ಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ಹೊಸ ಸುರಕ್ಷತಾ ನಿಯಮಗಳ ಕಾರಣಕ್ಕೆ ನಿಂತಿತು, ಅದು ಸರಿಯಾದ ಕಾರಣವೇ ಇರಬಹುದು. ನಾನು ಪಾತ್ರೆ ತುಂಬಿಕೊಂಡು ಗಂಟೆಗೆ ಮೂವತ್ತು ಕಿಲೋಮೀಟರ್ ಮೀರುವುದಿಲ್ಲ. ಬೆಂಗಳೂರಿನಲ್ಲಿ ಮೀರಲು ಬಿಡುವವರು ಯಾರು?

ಗಿರಿನಗರದ ಒಂದು ಗೃಹಪ್ರವೇಶಕ್ಕೆ ಪಾತ್ರೆ ಇಳಿಸುತ್ತಿದ್ದೆ. ಅಡುಗೆಯವರು ಕೊಳಗಕ್ಕೆ ಕಾಯುತ್ತಿದ್ದಾರೆ, ಮನೆಯವರು ಪಂಚೆ ಎತ್ತಿಕಟ್ಟಿಕೊಂಡು ನನ್ನ ಗಾಡಿಯನ್ನು ಸುತ್ತುತ್ತಿದ್ದಾರೆ. “ನನ್ನ ಓಮ್ನಿ ಹಂಪ್ ಇಳಿದರೆ ಮುಂದುಗಡೆ ಟಕಟಕ ಎನ್ನುತ್ತದೆ. ಶಾಕ್ ಹೋಗಿದೆ. ಒಂದು ಅಂಗಡಿಯ ಹೆಸರು ಹೇಳಿಬಿಡಿ, ಸಾಕು.” ಕೆಳಗೆ ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದೆ. “ಅದೆಲ್ಲ ಯಾಕೆ ಮೇಡಂ, ಅಂಗಡಿ ಹೇಳಿ.” ಹೇಳಿದೆ.

ಮರುವಾರ ಅವರ ಫೋನ್ ಬಂತು. ಮುಂದಿನ ಎರಡು ಶಾಕ್ ತಂದಿದ್ದಾರೆ, ಫಳಫಳ ಹೊಳೆಯುವ ಕಪ್ಪು ಬಣ್ಣ, ಎರಡೂ ಎಡಗಡೆಯವು. ಬ್ರೇಕ್ ಹೋಸ್ ಹಿಡಿಯುವ ಕಿವಿ ಎರಡರಲ್ಲೂ ಒಂದೇ ದಿಕ್ಕಿಗಿದೆ. ಮೆಕ್ಯಾನಿಕ್ ಗಾಡಿ ಎತ್ತಿ ನೋಡಿದರೆ ಸದ್ದು ಮಾಡುತ್ತಿದ್ದದ್ದು ಶಾಕ್ ಅಲ್ಲವೇ ಅಲ್ಲ, ತಿರುವಿನಲ್ಲಿ ಗಾಡಿ ವಾಲದಂತೆ ಹಿಡಿಯುವ ಸ್ಟೆಬಿಲೈಸರ್ ಕಂಬಿಗೆ ತೊಡಿಸಿದ, ಒಡೆದ ರಬ್ಬರ್ ಬುಷ್. ಅವರ ದೂರು ಮಾತ್ರ ಬೇರೆ: “ನಿಮ್ಮ ಅಂಗಡಿಯವನು ಮೋಸ ಮಾಡಿದ.” ನನ್ನ ಅಂಗಡಿಯವನಂತೆ! ಗುಜರಿಯಲ್ಲಿ ಯಾವತ್ತು ಯಾವ ಗಾಡಿ ಬಿಚ್ಚುತ್ತಾರೋ ಅವತ್ತು ಅದರ ಸಾಮಾನು. ಇಂದು ಓಮ್ನಿ ಇದ್ದ ಕಡೆ ನಾಳೆ ಇಂಡಿಕಾ ಇರುತ್ತದೆ. ಅಂಗಡಿಯ ಹೆಸರು ಇಟ್ಟುಕೊಂಡು ಮಾಡುವುದೇನು?

ಎಲ್ಲಿ ಸಿಗುತ್ತದೆ ಎನ್ನುವ ಬದಲು, ಯಾವುದನ್ನು ಹಳೆಯದು ತರಬಾರದು ಎಂದು ಒಬ್ಬರಾದರೂ ಕೇಳಿದ್ದರೆ ಅವರ ಮನೆಯ ಮದುವೆಗೆ ಕೊಳಗ ಪುಕ್ಕಟೆ ಕಳಿಸುತ್ತಿದ್ದೆ. ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ರಬ್ಬರ್ ಇರುವುದನ್ನು ತರಬೇಡಿ: ಬುಷ್, ಶಾಕಿನ ತಲೆಯ ಮೌಂಟ್. ರಬ್ಬರ್ ಓಡಿದ ಗಾಡಿಯಲ್ಲೂ ಸಾಯುತ್ತದೆ, ನಿಂತ ಗಾಡಿಯಲ್ಲೂ ಸಾಯುತ್ತದೆ. ಚಕ್ರವನ್ನು ಹಿಡಿದಿಡುವ ಗುಂಡು ಕೀಲು, ಬಾಲ್ ಜಾಯಿಂಟ್, ಅಂತೂ ಬೇಡವೇ ಬೇಡ, ಅದು ಕಳಚಿದರೆ ಚಕ್ರ ಮಡಚಿಕೊಳ್ಳುತ್ತದೆ. ಕಬ್ಬಿಣ ಬೇರೆ ಮಾತು. ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮ್, ಸುರುಳಿಯಾಕಾರದ ಕಾಯಿಲ್ ಸ್ಪ್ರಿಂಗ್, ಹಿಂದಿನ ಪಟ್ಟಿ ಸ್ಪ್ರಿಂಗಿನ ಬ್ಲೇಡ್‌ಗಳು, ಬಾಗದೆ ಬಿರಿಯದೆ ಇದ್ದರೆ, ಇನ್ನೊಂದು ಗಾಡಿಯಲ್ಲೂ ದುಡಿಯುತ್ತವೆ.

ಶಾಕ್ ಇವೆರಡರ ನಡುವಿನದು. ನಾನು ಹೊಸದನ್ನೇ ಹಾಕಿಸುತ್ತೇನೆ. ಹಳೆಯದೇ ಬೇಕೆನ್ನುವವರು ಹೊಸ ಬಣ್ಣ ಬಳಿದದ್ದನ್ನು ಮುಟ್ಟಬೇಡಿ, ಎಣ್ಣೆ ಜಿನುಗಿದ ಗುರುತನ್ನು ಮುಚ್ಚಲು ಬಣ್ಣಕ್ಕಿಂತ ಅಗ್ಗದ ಉಪಾಯವಿಲ್ಲ. ನೆಟ್ಟಗೆ ನಿಲ್ಲಿಸಿ ರಾಡನ್ನು ಒತ್ತಿ, ಎಳೆಯಿರಿ. ಉದ್ದಕ್ಕೂ ಒಂದೇ ಬಿಗಿ ಇರಬೇಕು. ನಡುವೆ ಎಲ್ಲಾದರೂ ಸಡಿಲವಾಗಿ ಜಾರಿದರೆ ಅಲ್ಲೇ ಇಟ್ಟು ಬನ್ನಿ. ರಾಡಿನ ಮೇಲೆ ತುಕ್ಕಿನ ಚುಕ್ಕೆಯಿದ್ದರೆ ಅದು ಸೀಲನ್ನು ಕೊರೆಯುತ್ತದೆ. ಕೊಂಡರೆ ಎಡ ಬಲ ಜೊತೆಯಾಗಿ ಕೊಳ್ಳಿ. ಮುಂದಿನ ಶಾಕ್ ಸ್ಪ್ರಿಂಗ್ ಸಮೇತ ಸಿಕ್ಕಿದರೆ ಅದರ ತಲೆಯ ನಟ್ಟನ್ನು ಮನೆಯಲ್ಲಿ ಬಿಚ್ಚಬೇಡಿ. ಅಮುಕಿ ಹಿಡಿಯುವ ಸಲಕರಣೆ ಇಲ್ಲದಿದ್ದರೆ ಸ್ಪ್ರಿಂಗ್ ಸಿಡಿದು ದವಡೆ ಮುರಿಯುತ್ತದೆ.

“ಎಲ್ಲಾ ಮಾರುತಿಯೇ, ಕೂರುತ್ತದೆ” ಎಂದು ಗುಜರಿಯಲ್ಲಿ ಹೇಳುತ್ತಾರೆ. ಕೂರುವುದಿಲ್ಲ. ಓಮ್ನಿಯ ಹಿಂದೆ ಇರುವುದು ಬ್ಲೇಡ್ ಕಟ್ಟು, 2010ರಲ್ಲಿ ಬಂದ ಮಾರುತಿಯದೇ ಇನ್ನೊಂದು ವ್ಯಾನು ಈಕೋದ ಹಿಂದೆ ಇರುವುದು ಕಾಯಿಲ್. ಓಮ್ನಿಯದೇ ಎಂದರೂ ನಂಬಬೇಡಿ. ಭಾರ ಹೊರುವವರು ಒಂದು ಬ್ಲೇಡ್ ಹೆಚ್ಚಿಗೆ ಸೇರಿಸಿಕೊಂಡಿರುತ್ತಾರೆ. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಗೆ ಅದನ್ನು ಹಾಕಿಸಿದರೆ ಮಕ್ಕಳ ತಲೆ ಚಾವಣಿಗೆ ತಾಗುತ್ತದೆ. ನನ್ನ ಗಾಡಿಗೆ ಅದೇ ಬೇಕು. ಹಾಗಾಗಿ ನಿಮ್ಮದನ್ನು ಬಿಚ್ಚಿಸಿ ಕೈಯಲ್ಲೇ ಹಿಡಿದುಕೊಂಡು ಹೋಗಿ. ಪಕ್ಕಪಕ್ಕದಲ್ಲಿ ಇಟ್ಟು ಉದ್ದ, ದಪ್ಪ, ಬೋಲ್ಟ್ ತೂತುಗಳನ್ನು ಹೋಲಿಸಿ. ತರುವ ಎರಡು ಕಟ್ಟುಗಳ ಬಾಗು ಒಂದೇ ಇರಬೇಕು, ಇಲ್ಲವಾದರೆ ಗಾಡಿ ಒಂದು ಕಡೆಗೆ ವಾಲುತ್ತದೆ. ನಡುವಿನ ಬೋಲ್ಟಿನ ತೂತಿನ ಸುತ್ತ ಉಗುರು ಆಡಿಸಿ ನೋಡಿ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ಕುಲುಮೆಯಲ್ಲಿ ಕಾಯಿಸಿ ಬಡಿದು ಬಾಗಿಸಿದ್ದನ್ನು ತೋರಿಸಿದರೆ ನಮಸ್ಕಾರ ಹಾಕಿ. ಸರಿಯಾಗಿ ಹದ ಹಿಡಿಯದ ಉಕ್ಕು ನಾಲ್ಕು ಮದುವೆಯ ಪಾತ್ರೆ ಹೊರುವಷ್ಟರಲ್ಲಿ ಮತ್ತೆ ಮಲಗುತ್ತದೆ.

ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ಬುಷ್ ಹಾದುಹೋಗುವ ಬೋಲ್ಟ್‌ಗಳನ್ನು ಗಾಡಿ ಜಾಕಿನ ಮೇಲಿರುವಾಗಲೇ ಪೂರ್ತಿ ಬಿಗಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡು ಕೂರುತ್ತದೆ, ಹೊಸ ಬುಷ್ ಬೇಗನೆ ಹರಿಯುತ್ತದೆ. ಚಕ್ರ ನೆಲಕ್ಕೆ ತಾಗಿ, ಗಾಡಿಯ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಇದನ್ನು ಹೇಳಿದರೆ ಮೆಕ್ಯಾನಿಕ್ ನಿಮ್ಮ ಮುಖ ನೋಡುತ್ತಾನೆ. ನಾನು ಹೇಳಿದಾಗ ನನ್ನ ಹಿಂದೆ ನಿಂತಿದ್ದ ಯಜಮಾನರ ಮುಖ ನೋಡಿದ. ಅವರು ತಲೆಯಾಡಿಸಿದ ಮೇಲೆ ಗಾಡಿ ಇಳಿಸಿದ.